ದ್ರಾಕ್ಷಿಯ ಹುಳಿ

ಸೋವಿನ್ಯೋ ಬ್ಲಾಂ ಎಂಬ ಹೆಸರನ್ನು ನಾನು ಮೊದಲು ಓದಿದ್ದು ನನ್ನ ಓರಗಿತ್ತಿ ಚನ್ನರಾಯಪಟ್ಟಣದಿಂದ ತಂದ ಒಂದು ಬಣ್ಣದ ಕಾಗದದಲ್ಲಿ. ಹಾಸನದ ನಮ್ಮ ಮನೆಯ ನಡುಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತ ಕೂತಿದ್ದೆ. ಅವಳು ಕಾಗದವನ್ನು ಮೊರದ ಪಕ್ಕದಲ್ಲಿಟ್ಟು, “ಅಕ್ಕಾ, ಇದನ್ನ ನಿಧಾನವಾಗಿ ಓದಿ ಹೇಳಿ. ಇವರು ಒಂದೂವರೆ ಎಕರೆ ತೆಂಗು ಕಡಿಸಿ ಇದನ್ನೇ ಹಾಕ್ತೀನಿ ಅಂತ ಕೂತವ್ರೆ” ಎಂದಳು. ಮಾತಾಡುವಾಗ ಕೊರಳಿನ ಎರಡೆಳೆ ಸರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಮೊದಲ ಕಂತಿಗೆ ಅದೇ ಬ್ಯಾಂಕಿಗೆ ಹೋಗಬೇಕಾಗಿದೆ ಎಂಬುದು ಆಮೇಲೆ ತಿಳಿಯಿತು.

ಹೆಸರನ್ನು ಓದುವುದೇ ಮೊದಲ ಕಷ್ಟ. ಬರೆದಂತೆ ಓದಿದರೆ ‘ಸಾವಿಗ್ನಾನ್’ ಎಂದು ಬಾಯಿಗೆ ಬರುತ್ತದೆ. “ಸಾವೋ ಬದುಕೋ, ಸರಿಯಾಗಿ ಓದಕ್ಕಾ” ಎಂದು ಅವಳು ನಕ್ಕಳು. ಕಾಡು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರಂತೆ ಇದು. ಬಿಳಿಯ ಕಾಡುದ್ರಾಕ್ಷಿ ಎಂದಿಟ್ಟುಕೊಳ್ಳಿ. ಈ ಕಾಲದಲ್ಲಿ ಎಲ್ಲರ ಬಾಯಲ್ಲಿರುವ ಕಪ್ಪು ದ್ರಾಕ್ಷಿ ಕ್ಯಾಬರ್ನೆ ಸೋವಿನ್ಯೋಗೆ ಹೆತ್ತವರಲ್ಲಿ ಒಬ್ಬರು ಈ ಬಿಳಿಯದೇ ಎಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ೧೯೯೭ರಲ್ಲಿ ಕಂಡುಹಿಡಿದರು. ಮಗ ಹೆಸರು ಮಾಡಿದ ಮೇಲೆ ಅಮ್ಮನನ್ನು ಹುಡುಕಿಕೊಂಡು ಬಂದ ಹಾಗೆ.

ಕಾಗದದ ಅಂಚು, ಬಣ್ಣ, ಚಿತ್ರ ಎಲ್ಲ ಚೆನ್ನಾಗಿತ್ತು. ನನ್ನ ತಕರಾರು ಇದ್ದದ್ದು ನಡುವಿನ ಒಂದು ವಾಕ್ಯದ ಮೇಲೆ. ‘ಜಗತ್ಪ್ರಸಿದ್ಧವಾದ ಈ ತಳಿಯನ್ನು ಎಲ್ಲಿ ಬೆಳೆದರೂ ಅದೇ ಗುಣ, ಅದೇ ಪರಿಮಳ’ ಎಂದಿತ್ತು. ಕಥೆ ಕಾದಂಬರಿ ಓದಿ ತಪ್ಪು ಒಪ್ಪು ಆಡುವ ಅಭ್ಯಾಸ ನನ್ನದು. ಜಾಹೀರಾತಿನ ಒಂದು ವಾಕ್ಯವನ್ನು ಹಿಡಿದುಕೊಂಡು ವಿಮರ್ಶೆಗೆ ಕೂರುತ್ತೇನೆಂದು ಅಂದುಕೊಂಡಿರಲಿಲ್ಲ. ಆದರೆ ಕಾದಂಬರಿ ಕೆಟ್ಟರೆ ಹೋಗುವುದು ಒಂದು ಮಧ್ಯಾಹ್ನ. ಈ ವಾಕ್ಯ ಕೆಟ್ಟರೆ ಇಪ್ಪತ್ತೈದು ವರ್ಷದ ತೆಂಗಿನ ಮರಗಳು ಹೋಗುತ್ತವೆ.

‘ಎಲ್ಲಿ ಬೆಳೆದರೂ ಅದೇ ಗುಣ’ ಎಂದು ನಮ್ಮ ಜಿಲ್ಲೆಯವರ ಮುಂದೆ ಹೇಳುವುದಕ್ಕೆ ಧೈರ್ಯ ಬೇಕು. ಮೊರದಲ್ಲಿ ಇದ್ದ ಆಲೂಗಡ್ಡೆಯನ್ನೇ ನೋಡಿ. ಏಪ್ರಿಲ್ ಮೇ ತಿಂಗಳಲ್ಲಿ ಜಲಂಧರಿನಿಂದ ಲಾರಿ ಲಾರಿ ಬಿತ್ತನೆ ಗಡ್ಡೆ ಹಾಸನದ ಮಾರುಕಟ್ಟೆ ಪ್ರಾಂಗಣಕ್ಕೆ ಬಂದು ಬೀಳುತ್ತದೆ. ಕುಫ್ರಿ ಜ್ಯೋತಿ ಎಂಬ ತಳಿ. ಪಂಜಾಬಿನಲ್ಲಿ ಅದು ಚಳಿಗಾಲದ ಬೆಳೆ. ಒಣಹವೆ, ಇಬ್ಬನಿ, ನಾಲೆಯ ನೀರು. ನಮ್ಮಲ್ಲಿ ಅದೇ ಗಡ್ಡೆಯನ್ನು ಮುಂಗಾರಿನ ಮಳೆಗೆ ಒಡ್ಡುತ್ತೇವೆ. ಅದೂ ಹೋಗಲಿ, ಹಾಸನದಿಂದ ಮೂವತ್ತು ನಲವತ್ತು ಕಿಲೋಮೀಟರು ಯಾವ ಕಡೆಗೆ ಬಸ್ಸು ಹತ್ತಿದರೂ ಬೇರೆ ಊರು, ಬೇರೆ ಆಕಾಶ. ಅರಕಲಗೂಡಿನ ಪಶ್ಚಿಮದ ಹಳ್ಳಿಗಳಲ್ಲಿ ಜುಲೈಯಲ್ಲಿ ಬಟ್ಟೆ ಒಣಗುವುದಿಲ್ಲ, ರಾಮನಾಥಪುರದ ಕಡೆಗೆ ಬಂದರೆ ಹೊಗೆಸೊಪ್ಪು. ಹೇಮಾವತಿ ದಂಡೆಯ ಹೊಳೆನರಸೀಪುರದಲ್ಲಿ ಬತ್ತ, ಚನ್ನರಾಯಪಟ್ಟಣ ದಾಟುತ್ತಿದ್ದಂತೆ ರಾಗಿ, ತೆಂಗು, ಕಲ್ಲುಬಂಡೆ. ಅರಕಲಗೂಡಿನಲ್ಲಿ ಅಂಗಮಾರಿ ಬಿದ್ದು ಆಲೂಗಡ್ಡೆ ಗಿಡ ಮೂರೇ ದಿನದಲ್ಲಿ ಸುಟ್ಟಂತಾದಾಗ ಚನ್ನರಾಯಪಟ್ಟಣದಲ್ಲಿ ಮಳೆಯಿಲ್ಲವೆಂದು ಆಕಾಶ ನೋಡುತ್ತಿರುತ್ತಾರೆ. ಗಡ್ಡೆಗೇ ಇಷ್ಟು ಚಂಚಲವಾದರೆ, ಇಡೀ ಜೀವನವೇ ಹುಳಿ ಸಿಹಿಗಳ ಲೆಕ್ಕಾಚಾರವಾಗಿರುವ ದ್ರಾಕ್ಷಿಗೆ ಹೇಗಿರಬೇಡ?

ಮೊದಲೇ ಒಂದು ಮಾತು. ನಾವು ಸಂತೆಯಲ್ಲಿ ಕೊಳ್ಳುವ ಬೀಜವಿಲ್ಲದ ಹಸಿರು ದ್ರಾಕ್ಷಿ, ಥಾಂಸನ್ ಎನ್ನುವುದು, ತಿನ್ನುವ ಹಣ್ಣು. ವಿಜಯಪುರದ ಕಡೆ ಒಣಗಿಸಿ ಒಣದ್ರಾಕ್ಷಿ ಮಾಡುವುದೂ ಅದನ್ನೇ. ವೈನಿನ ದ್ರಾಕ್ಷಿ ಅದಲ್ಲ. ಅದು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಬುಟ್ಟಿಯಲ್ಲಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಮಾರಿದರೆ ಎರಡನೆಯ ಸಲ ಯಾರೂ ಕೊಳ್ಳುವುದಿಲ್ಲ. ಇದನ್ನು ನಾನು ಓರಗಿತ್ತಿಗೆ ಎರಡು ಸಲ ಹೇಳಿದೆ. ವೈನು ಮಾಡುವವರು ಬೇಡ ಎಂದ ದಿನ ಆ ಹಣ್ಣಿಗೆ ಬೇರೆ ಗಿರಾಕಿ ಇಲ್ಲ.

ನನ್ನ ಮಗಳು ಆಹಾರ ವಿಜ್ಞಾನ ಓದಿದವಳು. ಬೆಂಗಳೂರಿನಿಂದ ಅವಳು ಕಳಿಸಿದ ಪುಸ್ತಕಗಳನ್ನು ಮಧ್ಯಾಹ್ನದ ಹೊತ್ತು ಓದುತ್ತ ಹೋದೆ. ಹುಳಿ ದ್ರಾಕ್ಷಿಯೆಂದು ಬೈದು ಹೋದ ನರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಈ ಬಿಳಿ ದ್ರಾಕ್ಷಿಗೆ ಹುಳಿಯೇ ಪ್ರಾಣ. ಹೂವಾದ ಮೇಲೆ ಕಾಯಿಯಲ್ಲಿ ಹುಳಿ ತುಂಬುತ್ತದೆ. ಹಣ್ಣಾಗುತ್ತ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಹುಳಿಯಲ್ಲೂ ಎರಡು ಜಾತಿ. ಒಂದು ನಮ್ಮ ಹುಣಸೆಹಣ್ಣಿನಲ್ಲಿರುವ ಆಮ್ಲವೇ, ಟಾರ್ಟಾರಿಕ್ ಎನ್ನುತ್ತಾರೆ. ಅದು ಬೇಗ ಬಿಟ್ಟುಕೊಡುವುದಿಲ್ಲ. ಇನ್ನೊಂದು ಹಸಿರು ಸೇಬಿನ ಹುಳಿ, ಮ್ಯಾಲಿಕ್. ಇದನ್ನು ಬಳ್ಳಿ ಉಸಿರಾಡುತ್ತಲೇ ಸುಟ್ಟುಹಾಕುತ್ತದೆ. ಸೆಕೆ ಹೆಚ್ಚಾದಷ್ಟೂ ಬೇಗ, ರಾತ್ರಿಯೂ ತಂಪಾಗದಿದ್ದರೆ ಹಗಲು ರಾತ್ರಿ ಎರಡೂ. ಅದಕ್ಕೇ ತಂಪು ಸೀಮೆಯ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ, ಸೆಕೆಯ ಸೀಮೆಯದರಲ್ಲಿ ಸಕ್ಕರೆ ಮಾತ್ರ ಉಳಿಯುತ್ತದೆ.

ಪರಿಮಳದ ಕಥೆ ಇನ್ನೂ ಸೊಗಸು. ಈ ದ್ರಾಕ್ಷಿಯಲ್ಲಿ ದಪ್ಪ ಮೆಣಸಿನಕಾಯಿಯಲ್ಲಿರುವ ವಾಸನೆಯೇ ಇದೆ. ಹೋಲಿಕೆಗೆ ಹೇಳುವುದಲ್ಲ, ಎರಡರಲ್ಲಿಯೂ ಇರುವುದು ಒಂದೇ ವಸ್ತು, ಪೈರಜೀನ್ ಎಂಬ ಕುಲದ್ದು. ನೀರಿನಲ್ಲಿ ಲಕ್ಷ ಕೋಟಿ ಪಾಲಿಗೆ ಒಂದೆರಡು ಪಾಲು ಇದ್ದರೂ ಮನುಷ್ಯನ ಮೂಗಿಗೆ ತಿಳಿಯುತ್ತದಂತೆ. ಕಾಯಿ ಬಲಿಯುತ್ತ, ಗೊಂಚಲಿಗೆ ಬಿಸಿಲು ತಾಗುತ್ತ, ಅದು ಕಡಿಮೆಯಾಗುತ್ತದೆ. ಫ್ರಾನ್ಸಿನ ಲ್ವಾರ್ ನದಿಯ ದಂಡೆಯಲ್ಲಿ, ಸಾನ್ಸೇರ್ ಎಂಬ ಊರಿನ ಕಡೆ, ಚಳಿ ಹೆಚ್ಚು. ಅಲ್ಲಿ ಹುಲ್ಲು ಕೊಯ್ದ ವಾಸನೆ, ಗಟ್ಟಿ ಹುಳಿ. ನ್ಯೂಜಿಲೆಂಡಿನ ಮಾರ್ಲ್‌ಬರೋದಲ್ಲಿ ಹಗಲು ಚುರುಕು ಬಿಸಿಲು, ರಾತ್ರಿ ಚಳಿ. ಹಸಿರು ವಾಸನೆಯೂ ಉಳಿದು ಹಣ್ಣಿನ ವಾಸನೆಯೂ ಏರುತ್ತದೆ. ಅಲ್ಲಿ ಈ ಬಳ್ಳಿ ನೆಟ್ಟದ್ದೇ ೧೯೭೦ರ ದಶಕದಲ್ಲಿ. ೧೯೮೫ರಲ್ಲಿ ಕ್ಲೌಡಿ ಬೇ ಎಂಬುವರ ಮೊದಲ ವೈನು ಬಂದ ಮೇಲೆ ಜಗತ್ತು ಆ ಕಡೆ ತಿರುಗಿ ನೋಡಿತು. ಈಗ ಎಷ್ಟೋ ಜನಕ್ಕೆ ಸೋವಿನ್ಯೋ ಎಂದರೆ ಆ ಊರಿನದೇ ಎಂಬಷ್ಟು. ಸೊಸೆ ಬಂದ ಮೇಲೆ ಮನೆಯ ಸಾರಿನ ರುಚಿ ಬದಲಾಗಿ, ಕೊನೆಗೆ ಅದೇ ‘ನಮ್ಮ ಮನೆಯ ಸಾರು’ ಆಗುತ್ತದಲ್ಲ, ಹಾಗೆ.

ಇನ್ನು ನಮ್ಮ ಸೀಮೆ. ಇಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ, ವರ್ಷಕ್ಕೊಂದು ಬೆಳೆ. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಕತ್ತರಿಸಬೇಕು. ವಿಜಯಪುರದ ಕಡೆಯವರು ಚಾಟ್ನಿ ಎನ್ನುತ್ತಾರೆ. ಹಂಚಿನ ಮೇಲಿನ ದೋಸೆಗೆ ಹಾಕಿಕೊಳ್ಳುವುದಲ್ಲ. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಫೆಬ್ರವರಿ ಮಾರ್ಚಿನಲ್ಲಿ ಕೊಯ್ಲು. ಇದರಲ್ಲಿ ನನಗೆ ದೊಡ್ಡದಾಗಿ ಕಂಡ ವಿಷಯ ಒಂದಿದೆ. ಫ್ರಾನ್ಸಿನಲ್ಲಿ ಹಣ್ಣು ಬೇಸಿಗೆಯಿಂದ ಚಳಿಯ ಕಡೆಗೆ ಮುಖ ಮಾಡಿ ಹಣ್ಣಾಗುತ್ತದೆ. ದಿನ ದಿನಕ್ಕೆ ತಂಪು, ಅವಸರವಿಲ್ಲ. ನಮ್ಮದು ಚಳಿಯಿಂದ ಬೇಸಿಗೆಯ ಕಡೆಗೆ ಓಡುತ್ತ ಹಣ್ಣಾಗುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೋಗುತ್ತದಲ್ಲ, ಅದೇ ವಾರಗಳಲ್ಲಿ ಈ ಹಣ್ಣು ಹದಕ್ಕೆ ಬರಬೇಕು. ಒಂದು ವಾರ ಮೊದಲು ಕೊಯ್ದರೆ ದಪ್ಪ ಮೆಣಸಿನಕಾಯಿ, ಒಂದು ವಾರ ತಡವಾದರೆ ಹುಳಿ ಸತ್ತ ಸಕ್ಕರೆ ನೀರು. ಕೊಯ್ಯುವುದನ್ನೂ ಬೆಳಗಿನ ಜಾವದ ತಂಪಿನಲ್ಲಿ ಮುಗಿಸುತ್ತಾರೆ.

ಇಷ್ಟಾದರೂ ನಂದಿ ಬೆಟ್ಟದ ತಪ್ಪಲಿನಲ್ಲಿ ಇದು ಆಗುತ್ತದೆ ಎಂದು ತೋರಿಸಿದ್ದಾರೆ. ಕನ್ವಲ್ ಗ್ರೋವರ್ ಎಂಬುವರು ದೊಡ್ಡಬಳ್ಳಾಪುರದ ಹತ್ತಿರ ೧೯೮೮ರಲ್ಲಿ ಫ್ರೆಂಚ್ ಬಳ್ಳಿಗಳನ್ನು ಹಚ್ಚಿದರು. ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ಅನುಭವಿ ಅವರಿಗೆ ಒತ್ತಾಸೆಯಾಗಿದ್ದರು. ಆಮೇಲೆ ನಾಸಿಕದಲ್ಲಿ ರಾಜೀವ್ ಸಾಮಂತರು ೧೯೯೦ರ ದಶಕದ ಕೊನೆಯಲ್ಲಿ ಸೋವಿನ್ಯೋ ಮತ್ತು ಶೆನಾಂ ಬ್ಲಾಂ ಹಾಕಿ ಸೂಲಾ ಕಟ್ಟಿದರು. ನಾನು ಓರಗಿತ್ತಿಗೆ ಇದನ್ನೆಲ್ಲ ಹೇಳುವಾಗ ನನ್ನ ಮೈದುನ ನಡುವೆ ಬಾಯಿ ಹಾಕಿ, “ನಂದಿ ತಪ್ಪಲೂ ಮೂರು ಸಾವಿರ ಅಡಿ, ನಮ್ಮ ಹಾಸನವೂ ಮೂರು ಸಾವಿರ ಅಡಿ. ಮತ್ತೇನತ್ತಿಗೆ?” ಎಂದ. ಕಾಗದ ಕೊಟ್ಟವರು ಅವನಿಗೆ ಇದನ್ನೇ ಹೇಳಿದ್ದರು.

ಎತ್ತರ ಒಂದಾದರೆ ಹವೆ ಒಂದಾಗುವುದಿಲ್ಲ. ಏಪ್ರಿಲ್ ಚಾಟ್ನಿಯ ನಂತರ ಬರುವ ಕಡ್ಡಿಯೊಳಗೆ, ಕಣ್ಣಿಗೆ ಕಾಣದಂತೆ, ಮುಂದಿನ ಗೊಂಚಲಿನ ಮೊಳಕೆ ಕೂರಬೇಕು. ಆಗ ಬಿಸಿಲು ಬೇಕು. ಮೋಡ ಮುಚ್ಚಿಕೊಂಡು ಜಿನುಗು ಹಿಡಿದರೆ ಕಡ್ಡಿ ಬಲಿತರೂ ಒಳಗೆ ಗೊಂಚಲು ಇರುವುದಿಲ್ಲ, ಬರೀ ಬಳ್ಳಿ. ಅರಕಲಗೂಡಿನ ಪಶ್ಚಿಮಕ್ಕೆ ಇದೇ ಗತಿ ಎನ್ನುವುದಕ್ಕೆ ಪುಸ್ತಕ ಬೇಡ. ಆಷಾಢದ ಒಂದು ವಾರ ಅಲ್ಲಿದ್ದರೆ ಸಾಕು. ಚನ್ನರಾಯಪಟ್ಟಣದ ಕಥೆ ಬೇರೆ, ಅಲ್ಲಿ ಮೋಡ ಬಂದು ಹೋಗುತ್ತದೆ. ಹಾಗಾಗಿ ಆಗುವುದೇ ಇಲ್ಲ ಎಂದು ನಾನು ಹೇಳಲಾರೆ. ಆಗಬಹುದು. ಆದರೆ ಒಂದೇ ಜಿಲ್ಲೆಯೊಳಗೆ ಒಂದು ಕಡೆ ಆಗಬಹುದು, ಇನ್ನೊಂದು ಕಡೆ ಆಗದು ಎನ್ನುವಾಗ, ‘ಎಲ್ಲಿ ಬೆಳೆದರೂ’ ಎಂಬ ಮಾತಿಗೆ ಏನರ್ಥ ಉಳಿಯಿತು?

ಮಳೆಯೆಂದರೆ ಬೂಜು. ದ್ರಾಕ್ಷಿಗೆ ಬರುವ ಬೂಜು ತುಪ್ಪಟ ರೋಗ, ಆಲೂಗಡ್ಡೆಯ ಅಂಗಮಾರಿ, ಅಡಿಕೆಯ ಕೊಳೆರೋಗ, ಮೂರೂ ದೂರದ ದಾಯಾದಿಗಳು. ಒಂದೇ ಕುಲದ ಜೀವಿಗಳಿಂದ ಬರುವಂಥವು. ಮೂರಕ್ಕೂ ಮೈಲುತುತ್ತ ಸುಣ್ಣವೇ ಹಳೆಯ ಮದ್ದು. ನಮ್ಮ ಸಕಲೇಶಪುರದ ಕಡೆ ಅಡಿಕೆ ಗೊನೆಗೆ, ಕಾಫಿ ಗಿಡಕ್ಕೆ ಹೊಡೆಯುವ ‘ಬೋರ್ಡೋ’ ನೆನಪಿದೆಯೇ? ಮಳೆಗಾಲದ ಹೊತ್ತಿಗೆ ಆಳುಗಳ ಅಂಗಿಯೆಲ್ಲ ನೀಲಿಯಾಗುತ್ತದಲ್ಲ, ಅದೇ. ಆ ಬೋರ್ಡೋ ಎಂಬುದು ವೈನಿನ ಊರು. ಅಮೆರಿಕದಿಂದ ೧೮೭೮ರ ಹೊತ್ತಿಗೆ ಫ್ರಾನ್ಸಿಗೆ ಬಂದ ಈ ಬೂಜು ತೋಟಗಳನ್ನು ನುಂಗುತ್ತಿತ್ತು. ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಒಂದು ರಸ್ತೆಯಲ್ಲಿ ಹೋಗುವಾಗ ಗಮನಿಸಿದರು: ರಸ್ತೆಯ ಅಂಚಿನ ಬಳ್ಳಿಗಳು ಮಾತ್ರ ಹಸಿರಾಗಿವೆ. ವಿಚಾರಿಸಿದರೆ, ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ, ವಿಷವೆಂದು ಹೆದರಲಿ ಎಂದು ತೋಟದವರು ಅಂಚಿನ ಸಾಲಿಗೆ ಮೈಲುತುತ್ತ ಸುಣ್ಣ ಕಲಸಿ ಎರಚಿದ್ದರಂತೆ. ಕಳ್ಳರಿಗೆಂದು ಹಾಕಿದ ಬೆದರುಬೊಂಬೆ ಬೂಜನ್ನು ಓಡಿಸಿತು. ೧೮೮೫ರಲ್ಲಿ ಮಿಲಾರ್ಡೆ ಅದನ್ನು ಬರೆದು ಪ್ರಕಟಿಸಿದರು. ಇನ್ನು ಇಪ್ಪತ್ತೈದು ವರ್ಷದೊಳಗೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗಕ್ಕೆ ಅದೇ ಮದ್ದನ್ನು ತಂದರು. ನಮ್ಮ ಅಜ್ಜನ ಕಾಲದ ಅಡಿಕೆ ಉಳಿದದ್ದು ಒಂದು ದ್ರಾಕ್ಷಿತೋಟದ ಜಿಪುಣತನದಿಂದ ಎಂದರೆ ನಗು ಬರುತ್ತದೆ.

ಆದರೆ ಇದೇ ಮದ್ದಿನಿಂದ ಸೋವಿನ್ಯೋಗೆ ಒಂದು ಪೆಟ್ಟೂ ಇದೆ. ಇದರ ಹಣ್ಣಿನ ಪರಿಮಳ, ಸೀಬೆ, ಚಕ್ಕೋತ, ನಮ್ಮ ಕಾಫಿ ತೋಟಗಳಲ್ಲಿ ಷರಬತ್ತು ಮಾಡುವ ಪ್ಯಾಶನ್ ಹಣ್ಣಿನಂಥದು, ಗಂಧಕ ಕೂಡಿದ ಕೆಲವು ವಸ್ತುಗಳಿಂದ ಬರುತ್ತದೆ. ತಾಮ್ರ ಅವನ್ನು ಹಿಡಿದು ಕಟ್ಟಿಹಾಕುತ್ತದೆ. ಹೆಚ್ಚು ಮಳೆ, ಹೆಚ್ಚು ಬೂಜು, ಹೆಚ್ಚು ಬೋರ್ಡೋ, ಕಡಿಮೆ ಪರಿಮಳ. ಬಳ್ಳಿ ಉಳಿಯುತ್ತದೆ, ಬಳ್ಳಿಯನ್ನು ಯಾತಕ್ಕೆ ಹಚ್ಚಿದೆವೋ ಅದು ಹೋಗುತ್ತದೆ. ಕಾಗದದಲ್ಲಿ ‘ಅದೇ ಪರಿಮಳ’ ಎಂದು ಬರೆದವರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆದರೋ.

ತೋಟದಲ್ಲಿ ಅರ್ಧ ಮುಗಿಯಿತು. ಉಳಿದರ್ಧ ಅಡುಗೆಮನೆ. ವೈನು ಮಾಡುವವರು ಅದಕ್ಕೆ ಬೇರೆ ಹೆಸರು ಹೇಳಿದರೂ ನನಗೆ ಅದು ಅಡುಗೆಮನೆಯೇ. ದೋಸೆ ಹಿಟ್ಟಿನ ಗುಟ್ಟು ಬಲ್ಲ ಹೆಂಗಸಿಗೆ ಇದರಲ್ಲಿ ಹೊಸದೇನೂ ಇಲ್ಲ. ಡಿಸೆಂಬರಿನ ಹಾಸನದಲ್ಲಿ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸಿದರೂ ಬೆಳಿಗ್ಗೆ ಮುನಿಸಿಕೊಂಡು ಕೂತಿರುತ್ತದೆ. ಏಪ್ರಿಲಿನಲ್ಲಿ ರಾತ್ರಿ ಹನ್ನೆರಡಕ್ಕೇ ಉಕ್ಕಿ ನೆಲಕ್ಕೆ ಬಂದಿರುತ್ತದೆ. ದ್ರಾಕ್ಷಿರಸವೂ ಹಾಗೇ. ಬೆಚ್ಚಗೆ ಹುದುಗಿದರೆ ಬೇಗ ಮುಗಿಯುತ್ತದೆ, ನಾಜೂಕಾದ ಪರಿಮಳವೆಲ್ಲ ನೊರೆಯೊಂದಿಗೆ ಹಾರಿಹೋಗುತ್ತದೆ. ಅದಕ್ಕೆ ಬಿಳಿ ವೈನನ್ನು ಉಕ್ಕಿನ ಕೊಳಗಗಳಲ್ಲಿ, ಹನ್ನೆರಡರಿಂದ ಹದಿನೆಂಟು ಡಿಗ್ರಿಯ ತಂಪಿನಲ್ಲಿ, ವಾರಗಟ್ಟಲೆ ನಿಧಾನವಾಗಿ ಹುದುಗಿಸುತ್ತಾರೆ. ಮೇಲೆ ಹೇಳಿದ ಹಣ್ಣಿನ ಪರಿಮಳ ದ್ರಾಕ್ಷಿಯಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಹಸಿ ಹಣ್ಣು ಮೂಸಿದರೆ ಸಿಗದು. ಬೀಗ ತೆಗೆಯುವುದು ಹುದುಗು. ಯಾವ ಹುದುಗು ಎಂಬುದರ ಮೇಲೆ ಎಷ್ಟು ತೆಗೆಯುತ್ತದೆಂಬುದು ನಿಂತಿದೆ.

ಆಮೇಲೆ ಮೊಸರಿನ ಕೆಲಸ. ಹುದುಗುವುದು ಮುಗಿದ ಮೇಲೆ, ಮೊಸರು ಹೆಪ್ಪುಗಟ್ಟಿಸುವ ಜೀವಿಗಳ ಬಂಧುಗಳನ್ನು ಒಳಗೆ ಬಿಟ್ಟರೆ, ಸೇಬಿನ ಚೂಪು ಹುಳಿಯನ್ನು ಮೊಸರಿನ ಮೆತ್ತನೆಯ ಹುಳಿಯಾಗಿ ಮಾಡುತ್ತವೆ. ಬೆಣ್ಣೆಯ ವಾಸನೆಯೂ ಸೇರಿಕೊಳ್ಳುತ್ತದೆ. ಹುಳಿ ಮಿತಿಮೀರಿದ ಚಳಿ ಸೀಮೆಯಲ್ಲಿ ಇದು ವರ. ಮೊದಲೇ ಹುಳಿ ಕಡಿಮೆಯಿರುವ ನಮ್ಮಂಥ ಕಡೆ ಇದನ್ನು ಬಿಟ್ಟರೆ ಮಜ್ಜಿಗೆಗೆ ನೀರು ಸುರಿದ ಹಾಗೆ. ಅದಕ್ಕೇ ಇಲ್ಲಿ ಸಾಮಾನ್ಯವಾಗಿ ತಡೆಯುತ್ತಾರೆ. ಸಾಲದು ಎನ್ನಿಸಿದರೆ ಟಾರ್ಟಾರಿಕ್ ಆಮ್ಲವನ್ನು ಹೊರಗಿನಿಂದ ಸೇರಿಸುವುದೂ ಉಂಟು. ಸೆಕೆಯ ದೇಶಗಳಲ್ಲಿ ಅದು ಕಳ್ಳತನವಲ್ಲ, ರೂಢಿ. ಸಾರಿಗೆ ಟೊಮೊಟೊ ಹುಳಿ ಸಾಲದಿದ್ದಾಗ ನಾವು ಹುಣಸೆ ಹಿಂಡುವುದಿಲ್ಲವೇ?

ಮರದ ಪೀಪಾಯಿ ಇನ್ನೊಂದು ದಾರಿ. ಓಕ್ ಮರದಲ್ಲಿಟ್ಟರೆ ಹೊಗೆ, ವೆನಿಲ್ಲಾ, ಲವಂಗದ ನೆನಪು ಬರುತ್ತದೆ. ೧೯೬೦ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಮೊಂಡಾವಿ ಈ ದ್ರಾಕ್ಷಿಗೆ ಮರದ ಸಂಸ್ಕಾರ ಕೊಟ್ಟು, ಫ್ಯೂಮೆ ಬ್ಲಾಂ ಎಂಬ ಹೊಸ ಹೆಸರಿಟ್ಟು ಮಾರಿದರು. ಅಲ್ಲಿ ಸೋವಿನ್ಯೋ ಎಂದರೆ ಸಪ್ಪೆ ಸಿಹಿ ಎಂದು ಮೂಗು ಮುರಿಯುತ್ತಿದ್ದವರೇ ಹೊಸ ಹೆಸರಿಗೆ ಕೈಚಾಚಿದರು. ಇನ್ನು ಬೋರ್ಡೋ ಪಕ್ಕದ ಸೋಟೆರ್ನ್‌ನಲ್ಲಿ ಬೂಷ್ಟು ಹಿಡಿದು ಸುಕ್ಕಾದ ಹಣ್ಣಿನಿಂದ ಜೇನಿನಂಥ ಸಿಹಿ ವೈನು ಮಾಡುತ್ತಾರೆ. ಅದರಲ್ಲೂ ಸೆಮಿಯೋಂ ಜೊತೆ ಇದಕ್ಕೆ ಪಾಲುಂಟು.

ಓದಿದ್ದು ಸಾಕು, ನೋಡದೆ ಮಾತಾಡಬಾರದು ಎಂದು ಮಗಳು ತನ್ನ ಮನೆಯಲ್ಲಿ ಮೂರು ಬಾಟಲಿ ತರಿಸಿದಳು. ಅಳಿಯಂದಿರ ಎದುರಿಗೆ ಗ್ಲಾಸು ಹಿಡಿದು ಕೂರುವುದೆಂದರೆ ನಮ್ಮ ಕಾಲದ ಹೆಂಗಸಿಗೆ ಹೇಗಾಗುತ್ತದೆ, ನೀವೇ ಊಹಿಸಿ. ಪಾಪ, ಅವರಿಗೆ ನನಗಿಂತ ಹೆಚ್ಚು ಮುಜುಗರವಾಗಿ ಅಂಗಡಿಗೆ ಹೋಗಿಬರುತ್ತೇನೆಂದು ಎದ್ದರು. ಕಾಫಿ ರುಚಿ ನೋಡುವವರು ಹೀರಿ ಉಗುಳುತ್ತಾರೆಂದು ಕೇಳಿದ್ದೆ. ನಾನೂ ಸ್ಟೀಲಿನ ಚೊಂಬೊಂದನ್ನು ಪಕ್ಕದಲ್ಲಿಟ್ಟುಕೊಂಡೆ. ತಯಾರಕರ ಹೆಸರು ಹೇಳುವುದಿಲ್ಲ. ಒಂದು ಬಾಟಲಿ ನೋಡಿ ಒಬ್ಬರನ್ನು ತೂಗುವುದು ನ್ಯಾಯವಲ್ಲ.

ನ್ಯೂಜಿಲೆಂಡಿನದು ಮುಚ್ಚಳ ತೆಗೆಯುವ ಮೊದಲೇ ಬಂದೆ ಎನ್ನುವಂಥದು. ಟೊಮೊಟೊ ಎಲೆ ಉಜ್ಜಿದ ಕೈ, ಪ್ಯಾಶನ್ ಹಣ್ಣು, ಹೆಚ್ಚಿದ ದಪ್ಪ ಮೆಣಸಿನಕಾಯಿ. ಹಲ್ಲು ಜುಮ್ಮೆನ್ನುವ ಹುಳಿ. ಮೊದಲ ಗುಟುಕಿಗೆ ಭೇಷ್ ಎಂದೆ. ನಾಲ್ಕನೆಯದಕ್ಕೆ, ಮದುವೆ ಮನೆಯಲ್ಲಿ ಒಂದೇ ಕಥೆಯನ್ನು ಜೋರಾಗಿ ಮತ್ತೆ ಮತ್ತೆ ಹೇಳುವ ನೆಂಟರಂತೆ ಅನ್ನಿಸಿತು.

ಎರಡನೆಯದು ನಂದಿ ತಪ್ಪಲಿನದು. ವಾಸನೆ ಮೆಲ್ಲಗೆ, ಸೀಬೆ, ಹಿಂದೆ ಚೂರು ಚಕ್ಕೋತದ ಸಿಪ್ಪೆ. ಹುಳಿ ಮಾತ್ರ ಬೇರೆಯಾಗಿ ನಿಂತಿತ್ತು. ಸಾರು ಕುದಿದು ಇಳಿಸಿದ ಮೇಲೆ ಹಸಿ ಹುಣಸೆ ಹಿಂಡಿದರೆ ಬೆರೆಯುವುದಿಲ್ಲವಲ್ಲ, ಹಾಗೆ. ಹೊರಗಿನಿಂದ ಸೇರಿಸಿದ್ದೇ ಎಂದು ನಾಲಿಗೆಯಿಂದ ಸಾಬೀತು ಮಾಡಲಾರೆ, ನನಗನ್ನಿಸಿದ್ದು ಹೇಳಿದೆ. ಮೂರನೆಯದೂ ನಮ್ಮ ದೇಶದ್ದೇ, ಮರದಲ್ಲಿಟ್ಟದ್ದು. ಒಗ್ಗರಣೆ ಜಾಸ್ತಿಯಾದ ಪಲ್ಯ ತಿಂದರೆ ಒಳಗಿರುವುದು ಹುರುಳಿಕಾಯೋ ಬೀನ್ಸೋ ತಿಳಿಯದಂತೆ, ವೆನಿಲ್ಲಾ ಮತ್ತು ಹೊಗೆಯ ಕೆಳಗೆ ದ್ರಾಕ್ಷಿ ಎಲ್ಲಿದೆ ಎಂದು ಹುಡುಕಬೇಕಾಯಿತು.

ಮಾರನೆಯ ದಿನ ಮಧ್ಯಾಹ್ನ ಫ್ರಿಜ್ಜಿನಲ್ಲಿ ಉಳಿದಿದ್ದ ನಂದಿಯದನ್ನು ಮತ್ತೊಮ್ಮೆ ನೋಡಿದೆ. ಎದುರಿಗೆ ಮಾವಿನಕಾಯಿ ತುರಿದು ಹಾಕಿದ ಹೆಸರುಬೇಳೆ ಕೋಸಂಬರಿ ಇತ್ತು. ಹಿಂದಿನ ದಿನ ಒಡೆದು ನಿಂತಿದ್ದ ಹುಳಿ ಮಾವಿನಕಾಯಿಯ ಹುಳಿಯೊಳಗೆ ಸೇರಿಹೋಗಿ, ಸೀಬೆಯ ಪರಿಮಳ ಮುಂದೆ ಬಂತು. ನ್ಯೂಜಿಲೆಂಡಿನದು ಕೋಸಂಬರಿಯ ಕೊತ್ತಂಬರಿಯನ್ನೇ ನುಂಗಿಹಾಕಿತು. ಮೂರರಲ್ಲಿ ನನಗೆ ಬೇಕಾದದ್ದು ನಂದಿಯದೇ, ಆದರೆ ಅದು ತನ್ನ ಬಾಟಲಿಯ ಮೇಲೆ ಬರೆದುಕೊಂಡಂತೆ ಇರಲಿಲ್ಲ. ನನ್ನ ಆಕ್ಷೇಪ ಅದೇ. ಚೀಟಿಯ ಮೇಲೆ ಹುಲ್ಲು, ದಪ್ಪ ಮೆಣಸಿನಕಾಯಿ, ಗೂಸ್‌ಬೆರಿ ಎಂದು ನ್ಯೂಜಿಲೆಂಡಿನ ಪಾಠವನ್ನೇ ಒಪ್ಪಿಸಿದ್ದರು. ಗೂಸ್‌ಬೆರಿ ಎಂದರೆ ನಮ್ಮವರು ನೆಲ್ಲಿಕಾಯಿ ಎಂದುಕೊಳ್ಳುತ್ತಾರೆ. ಅದು ಯುರೋಪಿನ ಬೇರೆಯೇ ಹಣ್ಣು, ನೆಲ್ಲಿಯ ಒಗರು ಅದರಲ್ಲಿಲ್ಲ. ನಂದಿಯಿಂದ ಕೂಗಳತೆಯಲ್ಲಿ ದೇವನಹಳ್ಳಿ, ಅಲ್ಲಿಯ ಚಕ್ಕೋತ ಹೆಸರುವಾಸಿ. ಬಾಟಲಿಯೊಳಗೆ ಇದ್ದದ್ದು ಅದೇ ಸಿಪ್ಪೆಯ ವಾಸನೆ. ಮನೆಯ ಹಿತ್ತಿಲ ಮಾತನ್ನು ಬಿಟ್ಟು ಕಾಣದ ಊರಿನ ಹಣ್ಣಿನ ಹೆಸರು ಯಾಕೆ ಬರೆಯಬೇಕು? ಇದು ಪದದ ಪ್ರಶ್ನೆ ಮಾತ್ರವಲ್ಲ. ಹೆಸರನ್ನು ಹಾಗೆ ಬರೆದ ಮೇಲೆ ವೈನನ್ನೂ ಹಾಗೇ ಇರುವಂತೆ ಮಾಡಬೇಕಾಗುತ್ತದೆ. ಬೇಗ ಕೊಯ್ಯಬೇಕು, ಹುಳಿ ಸೇರಿಸಬೇಕು.

ಇಷ್ಟೆಲ್ಲ ಬರೆದೆನೆಂದು ಕುಡಿಯಿರೆಂದು ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ೨೦೦೭ರ ಜುಲೈ ೧ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ಟಿನ ಹಿಂದೆ ಹಾಳಾದ ಮನೆಗಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇವೆ. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಒಂದು ಕೈಯಲ್ಲಿ ಮುಚ್ಚಿ ಇನ್ನೊಂದು ಕೈಯಲ್ಲಿ ತೆರೆದರೆಂದು ಆಡಿಕೊಂಡವರಿದ್ದರು. ಬೆಳೆಗಾರನಿಗೆ ದಾರಿಯಾಯಿತು ಎಂದವರೂ ಇದ್ದರು. ಎರಡರಲ್ಲೂ ಸತ್ಯವಿದೆ. ವೈನು ಹೃದಯಕ್ಕೆ ಒಳ್ಳೆಯದೆಂಬ ಮಾತನ್ನಂತೂ ನನ್ನೆದುರು ಯಾರೂ ಆಡಬಾರದು. ಎಷ್ಟು ಕಡಿಮೆ ಕುಡಿದರೂ ನಿರಪಾಯವೆನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಹೇಳಿದೆ.

ಹಾಸನಕ್ಕೆ ಬಂದ ಮೇಲೆ ಓರಗಿತ್ತಿಯನ್ನೂ ಮೈದುನನನ್ನೂ ಕರೆಸಿದೆ. ಅವನಿಗೆ ತೆಂಗಿನ ಮೇಲೆ ಬೇಸರ ಬಂದಿದ್ದರಲ್ಲಿ ತಪ್ಪಿಲ್ಲ. ಬರ, ಅದರ ಮೇಲೆ ಕಪ್ಪುತಲೆ ಹುಳು. ಗರಿಯೆಲ್ಲ ಸುಟ್ಟ ಪೊರಕೆಯಂತಾಗಿದ್ದನ್ನು ನಾನೂ ನೋಡಿದ್ದೆ. ಬಳ್ಳಿ ನಿಮ್ಮಲ್ಲಿ ಬದುಕಬಹುದು ಎಂದೆ. ಹಣ್ಣೂ ಬಿಡಬಹುದು. ಆದರೆ ಅದು ನಂದಿಯ ಹಣ್ಣಾಗುವುದಿಲ್ಲ, ನಾಸಿಕದ್ದೂ ಆಗುವುದಿಲ್ಲ, ಚನ್ನರಾಯಪಟ್ಟಣದ ಹಣ್ಣಾಗುತ್ತದೆ. ಅದರ ಹುಳಿ ಎಷ್ಟು, ಪರಿಮಳ ಏನು ಎಂದು ಇವತ್ತು ಯಾರೂ ಬಲ್ಲವರಿಲ್ಲ, ಕಾಗದ ಬರೆದವರಂತೂ ಅಲ್ಲವೇ ಅಲ್ಲ. ಕೊಳ್ಳುವವರಿಗೆ ಅದು ಒಗ್ಗದಿದ್ದರೆ?

“ಒಗ್ಗದಿದ್ರೆ ಏನು, ಒಪ್ಪಂದ ಇದೆಯಲ್ಲ ಅತ್ತಿಗೆ” ಎಂದ ಮೈದುನ.

ಕಾಗದದ ಹಿಂಬದಿಯನ್ನು ನಾವು ಯಾರೂ ಸರಿಯಾಗಿ ನೋಡಿರಲಿಲ್ಲ. ಸಣ್ಣ ಅಕ್ಷರದಲ್ಲಿ ಷರತ್ತುಗಳಿದ್ದವು. ಸಕ್ಕರೆ ಇಷ್ಟಿರಬೇಕು, ಹುಳಿ ಇಷ್ಟಿರಬೇಕು, ಇಲ್ಲದಿದ್ದರೆ ಹಣ್ಣನ್ನು ನಿರಾಕರಿಸುವ ಹಕ್ಕು ಕಂಪನಿಯದು. ಮುಂಬದಿಯಲ್ಲಿ ಎಲ್ಲಿ ಬೆಳೆದರೂ ಅದೇ ಗುಣ ಎಂದವರು ಹಿಂಬದಿಯಲ್ಲಿ ಗುಣ ಬೇರೆಯಾದರೆ ಬೇಡ ಎಂದಿದ್ದರು! ಅದರ ಕೆಳಗೆ, ಕಿಲೋಗೆ ಬೆಲೆ ಎಂಬಲ್ಲಿ, ಚುಕ್ಕೆ ಚುಕ್ಕೆಯ ಒಂದು ಗೆರೆ. ಖಾಲಿ.

ಮೈದುನ ಕಾಗದವನ್ನು ಎರಡೂ ಕಡೆ ತಿರುಗಿಸಿ ತಿರುಗಿಸಿ ನೋಡಿದ. “ಈ ಗೆರೆ ತುಂಬಿಸಿಕೊಂಡು ಬರ್ತೀನಿ, ಆಮೇಲೆ ಮಾತಾಡಾಣ” ಎಂದು ಜೇಬಿಗೆ ಇಟ್ಟುಕೊಂಡ. ಓರಗಿತ್ತಿ ಏನೂ ಆಡಲಿಲ್ಲ. ಹೊರಡುವಾಗ ಹತ್ತು ತೆಂಗಿನಕಾಯಿ ಇಳಿಸಿ ಹೋದಳು, ಸಣ್ಣವು, ಈ ವರ್ಷ ಇಷ್ಟೇ ಅಕ್ಕಾ ಎಂದು. ಆ ಮೇಲೆ ಮೂರು ತಿಂಗಳಾಯಿತು. ಗೆರೆ ಇನ್ನೂ ತುಂಬಿಲ್ಲವಂತೆ.